ಕಂಡೆನೆಂಬ ಮಾತು, ಕಾಣದವನ ಕರ್ತವ್ಯ

ಯಾವುದೇ ಧರ್ಮದ ಮೂಲವನ್ನು ಅರಸುತ್ತ ಹೋದರೆ ಕೊನೆಗೆ ನಮಗೆ ಎದುರಾಗುವುದು ಯಾರೋ ಒಬ್ಬರ ‘ನಾನು ಕಂಡೆ’ ಎಂಬ ಮಾತು. ಒಬ್ಬನಿಗೆ ದಿವ್ಯವಾದ ಬೆಳಕು ಗೋಚರಿಸಿತು. ಇನ್ನೊಬ್ಬನಿಗೆ ಕನಸಿನಲ್ಲಿ ದೇವತೆ ಬಂದು ದಾರಿ ತೋರಿದಳು. ಮತ್ತೊಬ್ಬನಿಗೆ ಗ್ರಂಥವೇ ನೆಲದೊಳಗಿಂದ ದೊರಕಿತು. ಕಂಡವನ ಪಾಲಿಗೆ ಅದು ಅನುಭವ. ಕಾಣದ ನಮ್ಮ ಪಾಲಿಗೆ ಅದೊಂದು ಹೇಳಿಕೆ ಮಾತ್ರ. ಈ ಹೇಳಿಕೆಯನ್ನು ಶ್ರಾವಕನಾದವನು ಹೇಗೆ ಸ್ವೀಕರಿಸಬೇಕು, ಎಷ್ಟರಮಟ್ಟಿಗೆ ಪ್ರಶ್ನಿಸಬೇಕು, ಪ್ರಶ್ನಿಸಿದರೆ ಸಮ್ಯಕ್ತ್ವಕ್ಕೆ ಭಂಗ ಬರುವುದೇ ಎಂಬ ಜಿಜ್ಞಾಸೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಜಿಜ್ಞಾಸೆಗೆ ಕಾರಣವಾದುದು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಸೋದರಳಿಯ. ಅವನ ಸಹೋದ್ಯೋಗಿಯೊಬ್ಬರು ಅಮೆರಿಕದ ಮಾರ್ಮನ್ ಪಂಥಕ್ಕೆ ಸೇರಿದವರು. ಆ ಪಂಥದವರು ಬೆಂಗಳೂರಿನಲ್ಲಿ ತಮ್ಮ ಮಂದಿರವನ್ನು ಕಟ್ಟುವುದಾಗಿ 2018ರಲ್ಲಿ ಪ್ರಕಟಿಸಿ 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆಗೆ ಸಮಾನವಾದ ಕಾರ್ಯವನ್ನು ನಡೆಸಿದರು. ಸಹೋದ್ಯೋಗಿಯು ಸ್ನೇಹದಿಂದ ಕೊಟ್ಟ ‘ಮಾರ್ಮನ್ ಗ್ರಂಥ’ವನ್ನು ಅಳಿಯನು ಊರಿಗೆ ಬಂದಾಗ ನನಗೆ ತಂದುಕೊಟ್ಟು ಕೇಳಿದ: “ಮಾವ, ಆ ಹುಡುಗನಿಗೆ ದೇವದೂತ ಬಂದು, ಗುಡ್ಡದಲ್ಲಿ ಚಿನ್ನದ ಹಾಳೆ ಇದೆ ಅಂದನಂತೆ. ನಮ್ಮ ಚಾವುಂಡರಾಯನಿಗೆ ಯಕ್ಷಿ ಬಂದು, ಬೆಟ್ಟದಲ್ಲಿ ಸ್ವಾಮಿ ಇದ್ದಾನೆ, ಬಾಣ ಬಿಡು ಅಂದಳಂತೆ. ಅದು ಸುಳ್ಳು, ಇದು ನಿಜ ಅಂತ ಹೇಗೆ ಹೇಳ್ತೀರಿ?” ಹಿರೀಸಾವೆಯಿಂದ ಶ್ರವಣಬೆಳಗೊಳಕ್ಕೆ ಹೊರಳುವ ರಸ್ತೆಯಲ್ಲಿ ಯಾತ್ರಿಕರು ಹೋಗಿಬರುವುದನ್ನು ನೋಡುತ್ತಲೇ ಬಾಳಿದ ನನಗೆ ಈ ಪ್ರಶ್ನೆ ತಮಾಷೆಯದೆಂದು ತೋರಲಿಲ್ಲ.

ಮೊದಲು ಪರರ ವಿಷಯವನ್ನು ನೋಡೋಣ. ಜೋಸೆಫ್ ಸ್ಮಿತ್ ಎಂಬಾತನು 1805ರಲ್ಲಿ ಅಮೆರಿಕದಲ್ಲಿ ಬಡ ರೈತ ಕುಟುಂಬವೊಂದರಲ್ಲಿ ಜನಿಸಿದವನು. ನ್ಯೂಯಾರ್ಕ್ ಪ್ರಾಂತದ ಪಾಲ್ಮೈರಾ ಎಂಬ ಊರಿನ ಬಳಿ ಬೆಳೆದನು. 1820ರಲ್ಲಿ, ತಾನು ಹದಿಹರೆಯದವನಾಗಿದ್ದಾಗ, ಕಾಡಿನಲ್ಲಿ ಪ್ರಾರ್ಥಿಸುತ್ತಿರಲು ದಿವ್ಯದರ್ಶನವಾಯಿತೆಂದು ಹೇಳಿದನು. 1823ರಲ್ಲಿ ಮೊರೋನಿ ಎಂಬ ದೇವದೂತನು ಬಂದು, ಸಮೀಪದ ಗುಡ್ಡದಲ್ಲಿ ಚಿನ್ನದ ತಗಡುಗಳ ಗ್ರಂಥವೊಂದು ಹೂತಿದೆಯೆಂದು ತಿಳಿಸಿದನಂತೆ. 1827ರಲ್ಲಿ ಅದು ಅವನ ಕೈಸೇರಿತು. ಅದರ ಲಿಪಿ ‘ಸುಧಾರಿತ ಈಜಿಪ್ಟ್ ಲಿಪಿ’ ಎಂದೂ, ದೈವಾನುಗ್ರಹದಿಂದ ತಾನು ಅದನ್ನು ಇಂಗ್ಲಿಷಿಗೆ ಅನುವಾದಿಸಿದೆನೆಂದೂ ಹೇಳಿ 1830ರಲ್ಲಿ ಮುದ್ರಿಸಿದನು. ಕ್ರಿ.ಪೂ. 600ರ ಸುಮಾರಿಗೆ ಜೆರುಸಲೇಮಿನಿಂದ ಹೊರಟ ಕುಟುಂಬವೊಂದು ಹಡಗಿನಲ್ಲಿ ಅಮೆರಿಕ ಖಂಡಕ್ಕೆ ಬಂದು ಅಲ್ಲಿ ಎರಡು ಜನಾಂಗಗಳಾಗಿ ಬೆಳೆದು, ಯುದ್ಧಗಳಲ್ಲಿ ಒಂದು ಜನಾಂಗ ನಾಶವಾದ ಕಥೆ ಅದರಲ್ಲಿದೆ. ತಗಡುಗಳನ್ನು ದೇವದೂತನು ಮರಳಿ ಪಡೆದನಾದ್ದರಿಂದ ಅವನ್ನು ಇಂದು ಯಾರೂ ನೋಡುವಂತಿಲ್ಲ.

ವ್ಯಾಪಾರಿಯ ಬುದ್ಧಿಗೆ ಇಲ್ಲಿಯೇ ಮೊದಲ ಸಂಶಯ ಹುಟ್ಟುತ್ತದೆ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಯನ್ನು ಅಟ್ಟದಿಂದ ಇಳಿಸಿದಾಗ ಕೊಳ್ಳುವವನು ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ನೋಡುತ್ತಾನೆ. ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಎಂದರೆ ಸರಿ. ಮಾರುವವನು ಎಷ್ಟೇ ಸಜ್ಜನನಾಗಿರಲಿ, ಅಲುಗಿಸುವುದು ಅವನಿಗೆ ಅವಮಾನವಲ್ಲ. ಅವನೂ ಇನ್ನೊಬ್ಬನಿಂದ ಕೊಳ್ಳುವಾಗ ಹಾಗೆಯೇ ಮಾಡುತ್ತಾನೆ. ಕಾಯಿಯೇ ಇಲ್ಲದಿದ್ದರೆ ಅಲುಗಿಸುವುದು ಏನನ್ನು?

ಸಾಕ್ಷಿಗಳಿದ್ದರಲ್ಲವೆ ಎಂದು ಆ ಪಂಥದವರು ಉತ್ತರಿಸುತ್ತಾರೆ. ಇದ್ದರು, ಅದನ್ನು ನ್ಯಾಯವಾಗಿ ಹೇಳಬೇಕು. ಆಲಿವರ್ ಕೌಡರಿ, ಡೇವಿಡ್ ವಿಟ್ಮರ್, ಮಾರ್ಟಿನ್ ಹ್ಯಾರಿಸ್ ಎಂಬ ಮೂವರು ದೇವದೂತನೇ ತಗಡುಗಳನ್ನು ತೋರಿಸಿದನೆಂದು 1829ರಲ್ಲಿ ಸಾಕ್ಷ್ಯ ನುಡಿದರು. ಬೇರೆ ಎಂಟು ಮಂದಿ ತಾವು ಕೈಯಲ್ಲಿ ಹಿಡಿದು ನೋಡಿದೆವೆಂದರು. ಮೊದಲ ಮೂವರೂ ಮುಂದೆ ಸ್ಮಿತ್‌ನಿಂದ ಬೇರೆಯಾದರು. ಆದರೂ ತಮ್ಮ ಸಾಕ್ಷ್ಯವನ್ನು ಹಿಂದೆ ಪಡೆಯಲಿಲ್ಲ. ಇದು ಅಲ್ಲಗಳೆಯತಕ್ಕ ಸಂಗತಿಯಲ್ಲ. ಆದರೆ ಎಂಟು ಮಂದಿಯಲ್ಲಿ ಮೂವರು ಸ್ಮಿತ್‌ನ ತಂದೆ ಮತ್ತು ಸೋದರರು. ಉಳಿದ ಐವರು ವಿಟ್ಮರ್ ಮನೆತನದವರು ಮತ್ತು ಆ ಮನೆಯ ಅಳಿಯ. ಸಾಲಪತ್ರಕ್ಕೆ ಸಾಲಗಾರನ ಮನೆಯವರೇ ಸಾಕ್ಷಿ ಹಾಕಿದರೆ ನಾವು ಪತ್ರವನ್ನು ಹರಿದೆಸೆಯುವುದಿಲ್ಲ, ಆದರೆ ಇನ್ನೊಂದು ಆಧಾರವನ್ನು ಕೇಳುತ್ತೇವೆ.

ಆ ಇನ್ನೊಂದು ಆಧಾರವನ್ನು ಹುಡುಕಿದಾಗ ದೊರೆಯುವುದು ಹೀಗಿದೆ. 1828ರಲ್ಲಿ ಅನುವಾದದ ಮೊದಲ 116 ಪುಟಗಳನ್ನು ಮಾರ್ಟಿನ್ ಹ್ಯಾರಿಸ್ ಕೇಳಿ ಪಡೆದು ಕಳೆದುಹಾಕಿದನು. ಮೂಲ ತಗಡುಗಳು ಕೈಯಲ್ಲಿದ್ದರೆ ಅದೇ ಭಾಗವನ್ನು ಮತ್ತೆ ಅನುವಾದಿಸುವುದು ಸಹಜವಾಗಿತ್ತು. ಸ್ಮಿತ್ ಹಾಗೆ ಮಾಡಲಿಲ್ಲ. ಕದ್ದವರು ಪುಟಗಳನ್ನು ತಿದ್ದಿ ತನ್ನನ್ನು ಸುಳ್ಳುಗಾರನನ್ನಾಗಿ ಮಾಡುವರೆಂಬ ದೈವವಾಣಿಯಾಯಿತೆಂದು ತಿಳಿಸಿ, ಅದೇ ಕಾಲದ ವೃತ್ತಾಂತವನ್ನು ಬೇರೆ ತಗಡುಗಳಿಂದ ಕೊಟ್ಟನು. ಇದನ್ನು ಓದಿದಾಗ ನನಗೆ, ರೋಕಡಿ ಪುಸ್ತಕ ಕಳೆದುಹೋಯಿತೆಂದು ಲೆಕ್ಕಪರಿಶೋಧಕರಿಗೆ ಬೇರೆಯದನ್ನು ತೋರಿಸುವವರ ನೆನಪಾಯಿತು. ಕಳೆದುಹೋದುದು ನಿಜವಿರಬಹುದು. ಆದರೆ ಪರೀಕ್ಷೆಗೆ ಇದ್ದ ಒಂದೇ ಅವಕಾಶವು ಯಾವ ಕಾರಣದಿಂದ ತಪ್ಪಿಹೋಯಿತೋ ಆ ಕಾರಣವನ್ನೂ ಪರೀಕ್ಷಿಸಲಾಗದಂತೆ ಇಟ್ಟಿರುವುದು ಮನಸ್ಸಿಗೆ ಒಪ್ಪುವುದಿಲ್ಲ. ಮೊದಲ ದರ್ಶನದ ವಿವರವೂ ಹಾಗೆಯೇ. 1832ರಲ್ಲಿ ಬರೆದುದರಲ್ಲಿ ಪಾಪಕ್ಷಮೆಯ ಮಾತಿದೆ, ಪ್ರಭುವನ್ನು ಕಂಡುದಷ್ಟೇ ಇದೆ; 1838ರ ಬರಹದಲ್ಲಿ ಇಬ್ಬರು ದಿವ್ಯಪುರುಷರು ಕಾಣಿಸಿ, ಇರುವ ಪಂಥಗಳೆಲ್ಲ ತಪ್ಪೆಂದು ಹೇಳುತ್ತಾರೆ. ಗ್ರಂಥದೊಳಗೆ ಕುದುರೆಗಳು, ಉಕ್ಕು, ಗೋಧಿ ಬರುತ್ತವೆ. ಅಮೆರಿಕದ ಮೂಲ ಕುದುರೆ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆಯೇ ಅಳಿದಿದ್ದು, ಮತ್ತೆ ಅಲ್ಲಿಗೆ ಹೋದುದು ಸ್ಪೇನಿನವರ ಹಡಗುಗಳಲ್ಲಿ.

ಎಲ್ಲಕ್ಕಿಂತ ಸ್ಪಷ್ಟವಾದುದು ಬೇರೊಂದು ಗ್ರಂಥದ ಪ್ರಕರಣ. 1835ರಲ್ಲಿ ಸ್ಮಿತ್ ಮತ್ತು ಅವನ ಸಂಗಡಿಗರು ಈಜಿಪ್ಟಿನ ಕೆಲವು ಪಪೈರಸ್ ಸುರುಳಿಗಳನ್ನು ಹಣ ಕೊಟ್ಟು ಕೊಂಡರು. ಅದರಲ್ಲಿ ಅಬ್ರಹಾಮನ ಬರಹವಿದೆಯೆಂದು ಹೇಳಿ ಸ್ಮಿತ್ 1842ರಲ್ಲಿ ಅನುವಾದವನ್ನು ಪ್ರಕಟಿಸಿದನು. ಸುರುಳಿಗಳು ಬೆಂಕಿಯಲ್ಲಿ ನಾಶವಾದುವೆಂದು ಬಹುಕಾಲ ಭಾವಿಸಲಾಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದ್ದ ಕೆಲವು ತುಣುಕುಗಳನ್ನು 1967ರಲ್ಲಿ ಪಂಥದ ವಶಕ್ಕೆ ಕೊಟ್ಟಾಗ, ಆ ವೇಳೆಗೆ ಈಜಿಪ್ಟ್ ಲಿಪಿಯನ್ನು ಓದಬಲ್ಲ ವಿದ್ವಾಂಸರಿದ್ದರು. ಅವರು ಓದಿದರು. ಅದು ಸತ್ತವರೊಡನೆ ಇಡುವ ಅಂತ್ಯಸಂಸ್ಕಾರದ ಬರಹ; ಅಬ್ರಹಾಮನ ಹೆಸರೂ ಅದರಲ್ಲಿಲ್ಲ. ಇಲ್ಲಿ ಕಾಯಿ ಸಿಕ್ಕಿತು, ಅಲುಗಿಸಿಯೂ ಆಯಿತು.

ಆ ಪಂಥದವರನ್ನು ಕುರಿತು ಒಂದು ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಬಿ. ಎಚ್. ರಾಬರ್ಟ್ಸ್ ಎಂಬ ಅವರದೇ ಹಿರಿಯ ಮುಖಂಡರು 1922ರಷ್ಟು ಹಿಂದೆಯೇ ಮಾರ್ಮನ್ ಗ್ರಂಥದ ತೊಡಕುಗಳನ್ನೆಲ್ಲ ಬರೆದು ಪಂಥದ ಅಗ್ರಗಣ್ಯರ ಮುಂದಿಟ್ಟರು. ಆ ಬರಹ ಅಚ್ಚಾದುದು 1985ರಲ್ಲಿ. 2013ರಿಂದ ಮೊದಲ್ಗೊಂಡು ಪಂಥವೇ ಅಧಿಕೃತ ಪ್ರಬಂಧಗಳನ್ನು ಪ್ರಕಟಿಸಿ, ದರ್ಶನದ ವಿವರಣೆಗಳು ಹಲವು ಇವೆಯೆಂದೂ, ಟೊಪ್ಪಿಗೆಯಲ್ಲಿ ಕಲ್ಲೊಂದನ್ನಿಟ್ಟು ನೋಡುತ್ತ ಸ್ಮಿತ್ ಅನುವಾದ ಹೇಳುತ್ತಿದ್ದನೆಂದೂ, ಪಪೈರಸ್ ತುಣುಕುಗಳ ಅಕ್ಷರಗಳಿಗೂ ಅಬ್ರಹಾಮನ ಗ್ರಂಥಕ್ಕೂ ಹೊಂದಿಕೆಯಿಲ್ಲವೆಂದೂ ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆಯೂ ಗ್ರಂಥವು ದೈವಪ್ರೇರಿತವೆಂದೇ ಅವರು ನಂಬುತ್ತಾರೆ. ನಂಬಿಕೆ ಅವರದು. ಆದರೆ ತಮ್ಮ ಮನೆಯ ಕಡತವನ್ನು ತಾವೇ ತೆರೆದು ತೋರಿಸುವ ಧೈರ್ಯವನ್ನು ಮೆಚ್ಚದಿರಲಾರೆ. ಮದ್ಯವನ್ನು ತ್ಯಜಿಸಿ, ಆದಾಯದ ಹತ್ತರಲ್ಲೊಂದು ಭಾಗವನ್ನು ಧರ್ಮಕ್ಕೆ ಕೊಟ್ಟು ಬಾಳುವ ಜನ ಅವರು. ಅವರನ್ನು ನೋಡಿ ನಗುವುದು ಸುಲಭ, ನಗುವ ಹಕ್ಕು ನಮಗಿದೆಯೇ ಎಂಬುದು ಕಠಿನ ಪ್ರಶ್ನೆ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ದರ್ಶನ, ಪವಾಡ, ದಿವ್ಯಾಗಮನಗಳನ್ನು ಪ್ರಮಾಣವೆಂದು ಸ್ವೀಕರಿಸಬಾರದೆಂಬ ವಿಚಾರವು ನಮಗೆ ಪಶ್ಚಿಮದಿಂದ ಬಂದುದಲ್ಲ. ಸ್ವಾಮಿ ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯನ್ನು ಆರಂಭಿಸುವ ಬಗೆಯನ್ನು ನಮ್ಮ ಯುವಕರಿಗೆ ಯಾರಾದರೂ ವಿವರಿಸಿ ಹೇಳಿದ್ದಾರೆಯೆ? ಜಿನನನ್ನೇ ಎದುರಿಗೆ ನಿಲ್ಲಿಸಿಕೊಂಡು ಆಚಾರ್ಯರು ಕೇಳುವುದರ ಭಾವ ಇಷ್ಟು: ದೇವತೆಗಳು ನಿನ್ನ ಬಳಿ ಇಳಿದು ಬರುತ್ತಾರೆ, ನೀನು ಆಕಾಶದಲ್ಲಿ ಸಂಚರಿಸುತ್ತೀಯೆ, ಚಾಮರಗಳು ಬೀಸುತ್ತವೆ, ಇದೆಲ್ಲವೂ ಮಾಯಾವಿಗಳಲ್ಲಿಯೂ ಕಂಡುಬರುವುದರಿಂದ ಇವುಗಳ ಕಾರಣಕ್ಕೆ ನೀನು ನಮಗೆ ಮಹಾತ್ಮನಲ್ಲ. ಅನಂತರ ಅವರು ದೇಹದ ಅತಿಶಯಗಳನ್ನು ತಳ್ಳಿಹಾಕುತ್ತಾರೆ. ಅವು ರಾಗದ್ವೇಷಗಳುಳ್ಳ ದೇವತೆಗಳಿಗೂ ಇವೆ. ತೀರ್ಥವನ್ನು ಪ್ರವರ್ತಿಸಿದನೆಂಬುದನ್ನೂ ತಳ್ಳಿಹಾಕುತ್ತಾರೆ. ಪ್ರವರ್ತಕರು ಹಲವರಿದ್ದು ಅವರ ಮಾತುಗಳು ಪರಸ್ಪರ ವಿರುದ್ಧವಾಗಿವೆ. ಕೊನೆಗೆ ಉಳಿಯುವ ಒರೆಗಲ್ಲು ಒಂದೇ: ಯಾರ ಮಾತು ಯುಕ್ತಿಗೂ ಶಾಸ್ತ್ರಕ್ಕೂ ಪ್ರತ್ಯಕ್ಷಕ್ಕೂ ವಿರೋಧವಾಗುವುದಿಲ್ಲವೋ ಅವನು ನಿರ್ದೋಷಿ, ಅವನೇ ಆಪ್ತ. ಈ ನೂರಹದಿನಾಲ್ಕು ಕಾರಿಕೆಗಳಿಗೆ ಅಕಲಂಕರು ‘ಅಷ್ಟಶತಿ’ಯನ್ನೂ ವಿದ್ಯಾನಂದರು ‘ಅಷ್ಟಸಹಸ್ರಿ’ಯನ್ನೂ ಬರೆದರು, ವಿದ್ಯಾನಂದರು ‘ಆಪ್ತಪರೀಕ್ಷೆ’ ಎಂಬ ಹೆಸರಿನ ಗ್ರಂಥವನ್ನೇ ರಚಿಸಿದರು. ತಾನು ಪೂಜಿಸುವವನನ್ನು ಪರೀಕ್ಷೆಗೆ ನಿಲ್ಲಿಸುವ ಗ್ರಂಥಕ್ಕೆ ಶತಮಾನಗಳುದ್ದಕ್ಕೂ ಟೀಕೆಗಳನ್ನು ಬರೆದ ಪರಂಪರೆ ನಮ್ಮದು.

ಕಥೆಯಾಗಿ ಬೇಕೆಂದರೆ ರೇವತಿ ರಾಣಿಯ ಚರಿತ್ರೆಯಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅಮೂಢದೃಷ್ಟಿಗೆ ಸಮಂತಭದ್ರರು ‘ರತ್ನಕರಂಡಕ’ದಲ್ಲಿ ಹೆಸರಿಸುವುದು ಈಕೆಯನ್ನೇ. ವಿದ್ಯಾಧರನಾಗಿದ್ದ ಕ್ಷುಲ್ಲಕನೊಬ್ಬನು ಮಧುರೆಗೆ ಬಂದು ಪೂರ್ವದಿಕ್ಕಿನಲ್ಲಿ ಬ್ರಹ್ಮನಾಗಿ, ದಕ್ಷಿಣದಲ್ಲಿ ವಾಸುದೇವನಾಗಿ, ಪಶ್ಚಿಮದಲ್ಲಿ ಶಂಕರನಾಗಿ ಕಾಣಿಸಿಕೊಂಡನು. ಊರೆಲ್ಲ ಓಡಿತು. ರೇವತಿ ಹೋಗಲಿಲ್ಲ. ಅದು ಅನ್ಯದೇವತೆಯೆಂದು ಹೋಗಲಿಲ್ಲವೆನ್ನಬಹುದು. ನಾಲ್ಕನೆಯ ದಿನ ಉತ್ತರದಿಕ್ಕಿನಲ್ಲಿ ಅವನು ಸಮವಸರಣವನ್ನೇ ನಿರ್ಮಿಸಿ ತೀರ್ಥಂಕರನಾಗಿ ಕುಳಿತನು. ಹನ್ನೊಂದು ಅಂಗಗಳನ್ನು ಓದಿದ್ದ ಭವ್ಯಸೇನನೂ ಅಲ್ಲಿಗೆ ಹೋದನು. ರೇವತಿ ಆಗಲೂ ಕದಲಲಿಲ್ಲ. ತೀರ್ಥಂಕರರು ಇಪ್ಪತ್ತನಾಲ್ವರೇ, ಅವರು ಆಗಿಹೋದರು. ಇಪ್ಪತ್ತೈದನೆಯವನು ಎಲ್ಲಿಂದ ಬಂದಾನು ಎಂದು ಲೆಕ್ಕ ಹಾಕಿದಳು. ಕಣ್ಣಿಗೆ ಕಂಡುದನ್ನು, ಅದೂ ತನ್ನ ಧರ್ಮದ ವೇಷವನ್ನೇ ತೊಟ್ಟು ಬಂದುದನ್ನು, ಆಕೆ ವಿಚಾರದಿಂದ ಅಳೆದಳು. ಮುಂದೆ ಅದೇ ಕ್ಷುಲ್ಲಕನು ರೋಗಿಯ ವೇಷದಲ್ಲಿ ಮನೆಗೆ ಬಂದಾಗ ಉಪಚಾರ ಮಾಡಿದವಳೂ ಆಕೆಯೇ. ಸಂಶಯಿಸುವವರಿಗೆ ಹೃದಯವಿಲ್ಲವೆನ್ನುವವರು ಕಥೆಯ ಈ ಕೊನೆಯ ಭಾಗವನ್ನು ಗಮನಿಸಬೇಕು.

ನಮ್ಮ ಆಗಮದ ಉಳಿವಿನ ವೃತ್ತಾಂತದಲ್ಲಿಯೂ ಕನಸಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ಇಬ್ಬರು ಮುನಿಗಳು ತಮ್ಮಲ್ಲಿಗೆ ಬರುವ ಮೊದಲು, ಎರಡು ಬಿಳಿಯ ಎತ್ತುಗಳು ಬಂದು ತಮ್ಮ ಪಾದಕ್ಕೆರಗಿದಂತೆ ಕನಸು ಕಂಡರೆಂದು ವೀರಸೇನರ ‘ಧವಲಾ’ ಟೀಕೆ ಹೇಳುತ್ತದೆ. ಶುಭಸ್ವಪ್ನವಾಯಿತು, ಬಂದವರೂ ಯೋಗ್ಯರಂತೆ ತೋರಿದರು. ಆದರೂ ಆಚಾರ್ಯರು ಪರೀಕ್ಷೆಯನ್ನು ಬಿಡಲಿಲ್ಲ. ಚೆನ್ನಾಗಿ ಪರೀಕ್ಷಿಸಿದರೆ ಮಾತ್ರ ಹೃದಯಕ್ಕೆ ನೆಮ್ಮದಿ ಎಂಬ ಭಾವ ಅಲ್ಲಿದೆ. ಒಬ್ಬರಿಗೆ ಒಂದು ಅಕ್ಷರ ಹೆಚ್ಚಾದ, ಇನ್ನೊಬ್ಬರಿಗೆ ಒಂದು ಅಕ್ಷರ ಕಡಿಮೆಯಾದ ಮಂತ್ರವನ್ನು ಕೊಟ್ಟು ಸಾಧಿಸಲು ಹೇಳಿದರು. ಸಾಧನೆಯ ಕೊನೆಗೆ ದೇವತೆಗಳು ಕಾಣಿಸಿಕೊಂಡರು: ಒಬ್ಬಳಿಗೆ ಹಲ್ಲು ಮುಂಚಾಚಿದೆ, ಇನ್ನೊಬ್ಬಳಿಗೆ ಒಂದೇ ಕಣ್ಣು. ಆ ಮುನಿಗಳು ದರ್ಶನವಾಯಿತೆಂದು ಓಡಿಬಂದು ಸಾರಲಿಲ್ಲ. ದೇವತೆಗಳಿಗೆ ಅಂಗವಿಕಾರವಿರುವುದಿಲ್ಲ, ಆದ್ದರಿಂದ ದೋಷವು ಮಂತ್ರದಲ್ಲಿರಬೇಕೆಂದು ಊಹಿಸಿ, ಮಂತ್ರವ್ಯಾಕರಣದಿಂದ ಅಕ್ಷರಗಳನ್ನು ಸರಿಪಡಿಸಿದರು. ಅವರೇ ಪುಷ್ಪದಂತ, ಭೂತಬಲಿ. ಅವರು ಬರೆದುದೇ ‘ಷಟ್ಖಂಡಾಗಮ’. ದೇವತೆ ಎದುರಿಗೆ ನಿಂತಿರುವಾಗ ವ್ಯಾಕರಣವನ್ನು ನೆನೆದವರ ಕೈಗೆ ಶ್ರುತವನ್ನು ಒಪ್ಪಿಸಲಾಯಿತು ಎಂಬುದರಲ್ಲಿ ನಮ್ಮ ಹಿರಿಯರ ಮನೋಧರ್ಮ ಕಾಣುತ್ತದೆ.

ಅದೇ ಗ್ರಂಥದ ತಾಳೆಗರಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳೆಯ ಕನ್ನಡ ಲಿಪಿಯಲ್ಲಿ ಉಳಿದುಬಂದುವು. ಬಹುಕಾಲ ಅವು ಕೇವಲ ದರ್ಶನದ ವಸ್ತುವಾಗಿದ್ದುವು. ದೂರದಿಂದ ಕೈಮುಗಿದು ಬರುವ ಯಾತ್ರಿಕನಿಗೆ ಒಳಗೆ ಏನು ಬರೆದಿದೆಯೆಂಬುದು, ಅಮೆರಿಕದ ಭಕ್ತನಿಗೆ ಚಿನ್ನದ ತಗಡು ಎಷ್ಟೋ ಅಷ್ಟೇ ದೂರ. 1939ರಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಹದಿನಾರು ಸಂಪುಟಗಳು ಅಚ್ಚಾದ ಮೇಲೆ ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ಹೇಳಬಹುದು. ಪೂಜೆಗಿಂತ ದೊಡ್ಡ ಗೌರವ ಅದಕ್ಕೆ ಸಂದುದು ಆಗ ಎಂದು ನನ್ನ ಅಭಿಪ್ರಾಯ.

ಇನ್ನು ನಮ್ಮ ಬೆಟ್ಟದ ಕಥೆ. ಚಾವುಂಡರಾಯನ ತಾಯಿ ಕಾಳಲಾದೇವಿ ಪೌದನಪುರದ ಬಾಹುಬಲಿಯನ್ನು ಕಾಣದೆ ಹಾಲು ಕುಡಿಯುವುದಿಲ್ಲವೆಂದು ವ್ರತ ತೊಟ್ಟುದು, ಮಾರ್ಗದಲ್ಲಿ ಯಕ್ಷಿಯು ಕನಸಿನಲ್ಲಿ ಬಂದುದು, ಚಿಕ್ಕಬೆಟ್ಟದಿಂದ ಚಿನ್ನದ ಬಾಣವನ್ನು ಬಿಟ್ಟಾಗ ದೊಡ್ಡಬೆಟ್ಟದಲ್ಲಿ ಸ್ವಾಮಿಯು ಪ್ರಕಟನಾದುದು ನಮ್ಮಲ್ಲಿ ಪ್ರತಿ ಮಗುವಿಗೂ ಗೊತ್ತು. ಈ ಕಥೆಯನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಬೇಕು. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಬೆಟ್ಟದ ಮೇಲೆಯೇ ಇದೆ. ಲೂಯಿ ರೈಸ್ 1889ರಲ್ಲಿ ಅಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರೆ, ಆರ್. ನರಸಿಂಹಾಚಾರ್ಯರು 1923ರಲ್ಲಿ ಐನೂರನ್ನು ಪ್ರಕಟಿಸಿದರು.

ಚಾವುಂಡರಾಯನೇ 978ರಲ್ಲಿ ಬರೆದ ಪುರಾಣದಲ್ಲಿ ಈ ಮೂರ್ತಿಯ ಪ್ರಸ್ತಾಪವಿಲ್ಲ. ಮೂರ್ತಿ ಅನಂತರದ್ದೆಂದು ವಿದ್ವಾಂಸರು ಹೇಳುವುದು ಅದರಿಂದಲೇ. ಪ್ರತಿಷ್ಠೆಯ ವರ್ಷ 981 ಎಂದು ಹಿಡಿದು 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆಯಿತು. ಸ್ವಾಮಿಯ ಪಾದದ ಬಳಿಯ ಬರಹ ಕನ್ನಡ, ತಮಿಳು, ಮರಾಠಿಗಳಲ್ಲಿ ಚಾವುಂಡರಾಯನು ಮಾಡಿಸಿದನೆಂದು ಮಾತ್ರ ಹೇಳುತ್ತದೆ. ಅವನ ಕಾಲದವರೇ ಆದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಮೂರ್ತಿಯನ್ನು ಸ್ಮರಿಸುತ್ತಾರೆ, ಕನಸಿನ ಸುದ್ದಿ ಎತ್ತುವುದಿಲ್ಲ. ಇನ್ನೂರು ವರ್ಷ ಕಳೆದು, ಸುಮಾರು 1180ರಲ್ಲಿ, ಬೊಪ್ಪಣ ಪಂಡಿತನ ಸುಂದರವಾದ ಕನ್ನಡ ಶಾಸನ ಬರುತ್ತದೆ. ಭರತನು ಪೌದನಪುರದಲ್ಲಿ ಮಾಡಿಸಿದ ಮೂರ್ತಿಯ ವಿಷಯ ಕೇಳಿ ಚಾವುಂಡರಾಯನು ಹೊರಡಲು ಬಯಸಿದನು. ಅದು ದೂರ, ದುರ್ಗಮವೆಂದು ಬಲ್ಲವರು ಹೇಳಿದಾಗ ಅಂಥದನ್ನು ತಾನೇ ಮಾಡಿಸಿದನು ಎಂದು ಅದರಲ್ಲಿದೆ. ಬಾಣವಿಲ್ಲ. ಪವಾಡಗಳಿಲ್ಲವೆಂದಲ್ಲ: ಮೂರ್ತಿಯ ಮೇಲೆ ಹೂಮಳೆ ಸುರಿದುದನ್ನೂ, ಹಕ್ಕಿಗಳು ಮರೆತೂ ಅದರ ಮೇಲೆ ಹಾರವೆಂಬುದನ್ನೂ ಬೊಪ್ಪಣನು ಹೇಳುತ್ತಾನೆ. ಹಕ್ಕಿಯ ಮಾತನ್ನು ಯಾರು ಬೇಕಾದರೂ ಮುಂಜಾನೆ ಮೆಟ್ಟಿಲು ಹತ್ತಿ ನಿಂತು ನೋಡಿ ತೀರ್ಮಾನಿಸಬಹುದು. ಯಕ್ಷಿಯ ಕನಸು, ಬಾಣಗಳೆಲ್ಲ ಕೂಡಿಕೊಂಡ ಕಥೆ ಸಿಗುವುದು ಹದಿನಾರನೆಯ ಶತಮಾನದ ದೊಡ್ಡಯ್ಯನ ‘ಭುಜಬಲಿ ಶತಕ’, 1614ರ ಪಂಚಬಾಣನ ‘ಭುಜಬಲಿ ಚರಿತೆ’, 1838ರ ದೇವಚಂದ್ರನ ‘ರಾಜಾವಳಿ ಕಥೆ’ಯಂಥ ಕೃತಿಗಳ ಸಾಲಿನಲ್ಲಿ. ಯಕ್ಷಿಯ ಹೆಸರು ಕೂಡ ಒಂದೆಡೆ ಪದ್ಮಾವತಿ, ಇನ್ನೊಂದೆಡೆ ಕೂಷ್ಮಾಂಡಿನಿ. ಭದ್ರಬಾಹುಗಳ ವೃತ್ತಾಂತಕ್ಕೂ ಹೀಗೆಯೇ ಆಗಿದೆ: ಚಿಕ್ಕಬೆಟ್ಟದ ಸುಮಾರು ಕ್ರಿ.ಶ. 600ರ ಶಾಸನದಲ್ಲಿ ನಿಮಿತ್ತಜ್ಞಾನದಿಂದ ಹನ್ನೆರಡು ವರ್ಷದ ಕ್ಷಾಮವನ್ನು ತಿಳಿದು ಸಂಘವು ದಕ್ಷಿಣಕ್ಕೆ ಬಂದ ಮಾತಿದೆ. ಚಂದ್ರಗುಪ್ತನ ಹದಿನಾರು ಕನಸುಗಳು ಅದರಲ್ಲಿಲ್ಲ, ಅವು ಬಹು ಶತಮಾನಗಳ ತರುವಾಯದ ಕಥೆಗಳಲ್ಲಿವೆ.

ಹಾಗಾದರೆ ಅಳಿಯನು ಕೇಳಿದ ವ್ಯತ್ಯಾಸವಿದೆಯೆ? ಒಂದು ಇದೆ. ಸ್ಮಿತ್ ತಾನೇ ಕಂಡೆನೆಂದು ಹೇಳಿ, ಆ ಹೇಳಿಕೆಯ ಮೇಲೆ ತನ್ನ ಅಧಿಕಾರವನ್ನು ಕಟ್ಟಿದನು. ಚಾವುಂಡರಾಯನು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಅವನು ಮಾಡಿಸಿದೆನೆಂದಷ್ಟೇ ಕೆತ್ತಿಸಿದನು. ಐದಾರು ಶತಮಾನಗಳ ತರುವಾಯದವರು ಅವನ ಪರವಾಗಿ ಕನಸು ಕಂಡರು. ಅವರ ಭಕ್ತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಆ ಭಕ್ತಿಯಿಂದ ಒಬ್ಬರಿಗೆ ಅನ್ಯಾಯವಾಯಿತು. ಮೂರ್ತಿಯು ಮೊದಲೇ ಇದ್ದು ಬಾಣದಿಂದ ಪ್ರಕಟವಾಯಿತೆಂದರೆ, ಬೆಟ್ಟದ ತುದಿಯ ಬಂಡೆಯನ್ನು ಉಳಿಯಿಂದ ಕಡಿದು ಸುಮಾರು 58 ಅಡಿಯ ಶಾಂತಮುದ್ರೆಯನ್ನು ಹೊರತೆಗೆದ ಕೈಗಳು ಎಲ್ಲಿ ಹೋದುವು? ಬಿಸಿಲಿನಲ್ಲಿ ವರ್ಷಗಟ್ಟಲೆ ದುಡಿದ ಕಲ್ಲುಕುಟಿಗರ ಶ್ರಮವನ್ನು ಒಂದು ಬಾಣದ ಲೆಕ್ಕಕ್ಕೆ ಜಮೆ ಮಾಡಿದಂತಾಯಿತು. ಇದು ಅಚೌರ್ಯವ್ರತದವರು ಯೋಚಿಸತಕ್ಕ ಸಂಗತಿ.

ಇದಕ್ಕಿಂತ ಕಠಿನವಾದ ಒಂದು ಪ್ರಶ್ನೆಯಿದೆ, ಅದನ್ನು ಬಿಟ್ಟರೆ ನಾನು ಸುಲಭದ ಕಾಯಿಗಳನ್ನಷ್ಟೇ ಅಲುಗಿಸಿದಂತಾಗುವುದು. ಭಗವಾನ್ ಮಹಾವೀರರ ಕೇವಲಜ್ಞಾನವೂ ಒಂದು ‘ಕಂಡೆ’ ಎಂಬ ಮಾತಲ್ಲವೆ? ಸರ್ವಜ್ಞನನ್ನು ಸರ್ವಜ್ಞನೆಂದು ಗುರುತಿಸಲು ಇನ್ನೊಬ್ಬ ಸರ್ವಜ್ಞನೇ ಬೇಕಲ್ಲ ಎಂದು ಕುಮಾರಿಲಭಟ್ಟನು ಕೇಳಿದುದು ಇದನ್ನೇ. ನಮ್ಮ ಆಚಾರ್ಯರು ಆ ಪ್ರಶ್ನೆಗೆ ಕೋಪಗೊಳ್ಳದೆ ಗ್ರಂಥಗಟ್ಟಲೆ ಉತ್ತರ ಬರೆದರು. ಒಳಗಿನ ಜ್ಞಾನವನ್ನು ನಾವು ಕಾಣಲಾರೆವು, ಹೊರಬಂದ ಮಾತನ್ನು ಒರೆಗೆ ಹಚ್ಚಬಹುದು ಎಂಬುದು ಸಮಂತಭದ್ರರ ದಾರಿ. ಅಹಿಂಸೆ, ಅನೇಕಾಂತ, ಅಪರಿಗ್ರಹಗಳನ್ನು ಬದುಕಿನಲ್ಲಿ ಹಚ್ಚಿ ನೋಡಿದವರಿಗೆ ಅವು ಇಂದಿಗೂ ಖೋಟಾ ಎನಿಸಿಲ್ಲ. ಇದು ಯಾರ ಕನಸಿನ ಮೇಲೂ ನಿಂತಿಲ್ಲ.

ಆದರೆ ಒರೆಗಲ್ಲನ್ನು ಒಮ್ಮೆ ಹಿಡಿದ ಮೇಲೆ ನಮಗೆ ಬೇಕಾದ ಕಡೆ ಮಾತ್ರ ತಿಕ್ಕುವುದು ಸಲ್ಲದು. ಒಂದು ಲಕ್ಷ ಯೋಜನದ ಜಂಬೂದ್ವೀಪ, ನಡುವೆ ಮೇರು, ಅದನ್ನು ಸುತ್ತುವ ಎರಡು ಸೂರ್ಯರು, ಎರಡು ಚಂದ್ರರು ನಮ್ಮ ಲೋಕವರ್ಣನೆಯಲ್ಲಿದ್ದಾರೆ. 1969ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟಾಗ ಅದನ್ನೇ ಸುಳ್ಳೆಂದವರು ನಮ್ಮಲ್ಲಿದ್ದರು. 2023ರ ಆಗಸ್ಟ್ 23ರಂದು ನಮ್ಮ ದೇಶದ ಚಂದ್ರಯಾನ-3 ಇಳಿದ ಮೇಲೆ ಆ ಮಾತನ್ನು ಮಕ್ಕಳ ಮುಂದೆ ಆಡುವ ಬಗೆ ಹೇಗೆ? ಅಮೆರಿಕದ ಕುದುರೆಯನ್ನು ಪ್ರತ್ಯಕ್ಷವಿರುದ್ಧವೆಂದು ತಳ್ಳಿದವನು ಎರಡನೆಯ ಸೂರ್ಯನನ್ನು ಪಾಠಶಾಲೆಯಲ್ಲಿ ಭೂಗೋಳವಾಗಿ ಕಲಿಸಬಾರದು. ಅದು ಪ್ರಾಚೀನ ಆಚಾರ್ಯರು ತಮ್ಮ ಕಾಲದ ಗಣಿತದಿಂದ ರಚಿಸಿದ ಲೋಕಚಿತ್ರವೆಂದು ಗೌರವದಿಂದ ಹೇಳಿ ಕಲಿಸಬಹುದು. ಇದರಿಂದ ರತ್ನತ್ರಯಕ್ಕೆ ಯಾವ ಕುಂದೂ ಇಲ್ಲವೆಂದು ನಾನು ನಂಬಿದ್ದೇನೆ. ಭಿನ್ನಾಭಿಪ್ರಾಯವುಳ್ಳ ಪಂಡಿತರಿದ್ದಾರೆ, ಅವರು ಬರೆಯಲಿ.

ಇಷ್ಟೆಲ್ಲ ಹೇಳಿದ ಮೇಲೆ ವ್ಯವಹಾರದ ಪ್ರಶ್ನೆ ಉಳಿಯುತ್ತದೆ. ವೃದ್ಧೆಯೊಬ್ಬರು ಮೊಮ್ಮಗುವಿನ ಕೈ ಹಿಡಿದು ಬೆಟ್ಟ ಹತ್ತುತ್ತ ಗುಳ್ಳಕಾಯಜ್ಜಿಯ ಕಥೆಯನ್ನೋ ಬಾಣದ ಕಥೆಯನ್ನೋ ಹೇಳುತ್ತಿದ್ದರೆ ನಡುವೆ ಬಾಯಿ ಹಾಕಿ ಶಾಸನದ ವರ್ಷ ಹೇಳಬೇಕೆ? ಬೇಡ. ಸ್ಥೂಲವಾದ ಸುಳ್ಳನ್ನು ಆಡಬಾರದೆಂದ ಸಮಂತಭದ್ರರೇ, ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದಿದ್ದಾರೆ. ಅಜ್ಜಿಯ ಕಥೆ ಯಾರಿಂದಲೂ ಏನನ್ನೂ ಕಸಿಯುವುದಿಲ್ಲ. ಗರ್ವದಿಂದ ಮಾಡಿದ ಅಭಿಷೇಕ ಕೆಳಗಿಳಿಯದೆ ಬಡವಿಯ ಗುಳ್ಳಕಾಯಿಯ ಹಾಲು ಪಾದಕ್ಕಿಳಿಯಿತೆಂಬ ಕಥೆಯನ್ನು ಕೇಳಿ ಮಗು ವಿನಯವನ್ನು ಕಲಿಯಲಿ.

ಟ್ರಸ್ಟುಗಳ ವಿಷಯ ಬೇರೆ. ಸತ್ಯಾಣುವ್ರತದ ಲಕ್ಷಣದಲ್ಲಿ ಸುಳ್ಳನ್ನು ತಾನಾಡದಿರುವುದರ ಜೊತೆಗೆ ಪರರಿಂದ ಆಡಿಸದಿರುವುದೂ ಸೇರಿದೆ. ಅಚ್ಚು ಹಾಕಿಸಿದ ಕರಪತ್ರ, ಫಲಕ, ಮಾರ್ಗದರ್ಶಿಗಳ ಬಾಯಿಪಾಠ ಇವೆಲ್ಲ ಟ್ರಸ್ಟು ಪರರಿಂದ ಆಡಿಸುವ ಮಾತುಗಳು. ದೇಣಿಗೆಯ ರಸೀತಿಯ ಪಕ್ಕದಲ್ಲಿ ಪವಾಡವನ್ನು ಇತಿಹಾಸವೆಂದು ಅಚ್ಚು ಮಾಡಿಸಿದಾಗ ಅದು ಅಜ್ಜಿಯ ಕಥೆಯಾಗಿ ಉಳಿಯುವುದಿಲ್ಲ. ಅದಕ್ಕೊಂದು ಬೆಲೆ ನಿಗದಿಯಾಗುತ್ತದೆ. ಕನಸಿನಲ್ಲಿ ಸ್ವಾಮಿ ಬಂದು ಹೊಲದಲ್ಲಿ ಅಗೆಯೆಂದನೆಂಬ ಸುದ್ದಿಗಳು ಆಗಾಗ ಎಲ್ಲ ಸಮಾಜಗಳಲ್ಲೂ ಹುಟ್ಟುತ್ತವೆ, ವಾರದೊಳಗೆ ಚಪ್ಪರ, ಹುಂಡಿ ಎರಡೂ ಬರುತ್ತವೆ. ಅಂಥ ಸಂದರ್ಭದಲ್ಲಿ ಟ್ರಸ್ಟಿನವರು ಹುಂಡಿಗೆ ಬೀಗ ತರುವ ಮೊದಲು ಜಿಲ್ಲಾಧಿಕಾರಿಗಳಿಗೂ ಪುರಾತತ್ತ್ವ ಇಲಾಖೆಗೂ ಪತ್ರ ಬರೆಯಬೇಕು. ನೆಲದಲ್ಲಿ ದೊರೆತುದನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನೂ ಇದೆ. ವರದಿ ಬರುವವರೆಗೆ ಬಂದ ಹಣಕ್ಕೆ ಪ್ರತ್ಯೇಕ ಖಾತೆ ಇಟ್ಟು, ಕೊಟ್ಟವರಿಗೆ ಹಿಂತಿರುಗಿಸುವ ಷರತ್ತನ್ನು ರಸೀತಿಯಲ್ಲೇ ಬರೆಯುವುದು ಸಾಧ್ಯ.

ಬೆಟ್ಟದ ಕಥೆಗೂ ಇದಕ್ಕಿಂತ ಸುಲಭದ ಉಪಾಯವಿದೆ. ಕರಪತ್ರದಲ್ಲಿ ಕಥೆ ಇರಲಿ. ಪ್ರತಿಯೊಂದು ವಾಕ್ಯದ ಪಕ್ಕದಲ್ಲಿ ಅದು ಮೊದಲು ಬರೆಯಲ್ಪಟ್ಟ ವರ್ಷವನ್ನು ಅಚ್ಚು ಮಾಡಿಸಿದರೆ ಸಾಕು. ಮಾಡಿಸಿದವನ ಹೆಸರಿನ ಮುಂದೆ 981, ಪೌದನಪುರದ ಮುಂದೆ 1180, ಕನಸಿನ ಮುಂದೆ ಹದಿನಾರನೆಯ ಶತಮಾನ. ಕೊನೆಯಲ್ಲಿ, ಹೆಸರು ತಿಳಿಯದ ಕಲ್ಲುಕುಟಿಗರಿಗೆಂದು ಒಂದು ಸಾಲು. ಒಂದು ಹಾಳೆಯ ಎರಡೂ ಮಗ್ಗುಲಲ್ಲಿ ಇದಿಷ್ಟೂ ಹಿಡಿಯುತ್ತದೆ. ಅಚ್ಚಿನ ಖರ್ಚು ಹೆಚ್ಚಾಗುವುದಿಲ್ಲ.